ಬೀಟೆ ಮರದ ಗಿಟಾರಿಗೆ ಕುಂಕುಮ

ನಮ್ಮ ಭಾವ ವಾದಿರಾಜರಿಗೆ ಗಿಟಾರು ನುಡಿಸೋಕೆ ಬರಲ್ಲ ಅಂದ್ರೆ ತಪ್ಪಾಗುತ್ತೆ. ನಾಲ್ಕು ಹಾಡು ಬರುತ್ತೆ, ಅದರಲ್ಲಿ ಮೂರು ಒಂದೇ ಥರ ಕೇಳಿಸುತ್ತೆ. ಆದರೆ ಗಿಟಾರನ್ನು ನೋಡೋದು, ಸವರೋದು, ಮೂಸೋದು ಇದೆಯಲ್ಲ, ಅದರಲ್ಲಿ ಅವರನ್ನು ಮೀರಿಸೋರು ಇಡೀ ಚಾಮರಾಜಪೇಟೇಲಿ ಇಲ್ಲ. ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಸಂಜೆ ಮನೆಗೆ ಬಂದವರು ಕಾಫಿಗೂ ಮುಂಚೆ ಗಿಟಾರಿನ ಹೊಟ್ಟೆಗೆ ಮೂಗು ಹಚ್ಚಿ ಮರದ ವಾಸನೆ ಎಳ್ಕೋತಾರೆ.

"ಮನೇಲಿ ಒಂದು ಸಾಕು. ಎರಡನೇದು ಬಂತೋ, ಎಲ್ಲಾನೂ ಗುಜರಿಗೆ ಹಾಕ್ಬಿಡ್ತೀನಿ" ಅಂತ ನಮ್ಮ ಗೋದಕ್ಕ ಕಟ್ಟಪ್ಪಣೆ ಮಾಡಿದ್ದಳು. ಭಾವ ಮಾತಿಗೆ ತಪ್ಪಲಿಲ್ಲ. ಮನೇಲಿ ಯಾವತ್ತೂ ಒಂದೇ. ಉಳಿದೆರಡು ವಿಶ್ವೇಶ್ವರಪುರಂನಲ್ಲಿ, ನನ್ನ ಮಂಚದ ಕೆಳಗೆ! ಮೂರಕ್ಕೂ ಮುಂಭಾಗ ಒಂದೇ ಜೇನುಬಣ್ಣ ಇರೋ ಹಾಗೆ ಆರಿಸಿ ತಂದಿದ್ದರು, ಕಿಲಾಡಿ. "ತಂತಿ ಬದಲಾಯಿಸ್ಕೊಂಡು ಬರ್ತೀನಿ" ಅಂತ ಹೊರಟು, ಒಂದನ್ನು ನನ್ನಲ್ಲಿಟ್ಟು ಇನ್ನೊಂದನ್ನು ಒಯ್ಯೋರು. "ಎಷ್ಟು ಸಲ ತಂತಿ ಕೀಳ್ತಾರೋ ಈ ಮನುಷ್ಯ" ಅಂತ ಅಕ್ಕ ನನ್ನ ಹತ್ತಿರವೇ ಗೊಣಗೋಳು. ಹಿಂಭಾಗಕ್ಕೆ ಬೀಟೆ ಮರ ಇರೋ ಗಿಟಾರಿನ ಸರದಿ ಬಂದ ವಾರ ಭಾವ ಎರಡು ತುತ್ತು ಜಾಸ್ತಿ ಉಣ್ಣೋರು.

ಕಳೆದ ಆಯುಧಪೂಜೇಲಿ ಎಡವಟ್ಟಾಯ್ತು. ಮೂರಕ್ಕೂ ಪೂಜೆ ಆಗ್ಲೇಬೇಕು ಅಂತ ಭಾವ ಹಟ ಹಿಡಿದರು.

"ಎರಡಕ್ಕೆ ನಾನೇ ಇಲ್ಲಿ ಕುಂಕುಮ ಇಡ್ತೀನಿ ಬಿಡಿ ಭಾವ" ಅಂದೆ.

"ನೀನಾ? ಹಬ್ಬದ ದಿನಾನೂ ಊಟದ ಹೊತ್ತಿಗೆ ಸ್ನಾನ ಮಾಡೋನು! ಗೋದಾ ಕೈಯಿಂದ್ಲೇ ಆಗ್ಬೇಕು ಕಣೋ."

ನನ್ನ ಕರ್ಮ! ಎರಡು ಪೆಟ್ಟಿಗೆ ಹೊತ್ತು, ಬೂದುಗುಂಬಳಕಾಯಿ ಗಾಡಿಗಳ ನಡುವೆ ನುಸುಳಿ, ಅವರ ಜಗುಲಿ ಮೂಲೇಲಿ ಕಳ್ಳನ ಹಾಗೆ ಕೂತೆ. ಒಳಗೆ ಅಕ್ಕ ಮಣೆ ಮೇಲಿದ್ದ ಗಿಟಾರಿನ ತಲೆಗೆ ಕುಂಕುಮ ಇಟ್ಟು, ಕೋಸಂಬರಿಗೆ ಒಗ್ಗರಣೆ ಹಾಕೋಕೆ ಅಡುಗೆಮನೆಗೆ ಹೋದಳು. ಭಾವ ಅದನ್ನೆತ್ತಿ ಓಡಿ ಬಂದು ನನಗೆ ಕೊಟ್ಟು, ಎರಡನೇದನ್ನು ಒಯ್ದು ಮಣೆ ಮೇಲಿಟ್ಟರು.

"ಗೋದಾ, ಗಿಟಾರಿಗೆ ಕುಂಕುಮ ಇಡೋದೇ ಮರ್ತಿದ್ದೀಯಲ್ಲೇ!"

"ಇಟ್ಟೆನಲ್ಲಾ? ಅಯ್ಯೋ, ಇಲ್ವಲ್ಲ" ಅಂತ ಅಕ್ಕ ಮತ್ತೆ ಇಟ್ಟು ಹೋದಳು. ನಾನು ಹೊರಗೆ ಕರ್ಚೀಫು ಬಾಯಿಗೆ ತುರುಕಿಕೊಂಡು ನಕ್ಕೆ.

ಮೂರನೇ ಸಲ ಬೀಟೆಯದು ಮಣೆ ಏರಿತು. "ಗೋದಾ, ಮತ್ತೆ ಮರ್ತೆಯಲ್ಲೇ!"

ಅಕ್ಕ ಬಂದು ನೋಡಿದವಳು, ಕುಂಕುಮದ ಬಟ್ಟಲು ಹಿಡಿದೇ ಕುಸಿದು ಕೂತಳು. "ರೀ, ನನಗೂ ಅಮ್ಮನ ಥರ ಮರೆವು ಶುರುವಾಯ್ತೇನ್ರೀ? ಇಟ್ಟಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನಾಳೆ ನಿಮ್ಮನ್ನೇ ಮರೆತ್ರೆ ಏನು ಗತಿ?" ಅಂತ ಅಳೋಕೆ ಶುರು ಮಾಡಿದಳು.

ನಾನು ಬಾಯಿಂದ ಕರ್ಚೀಫು ತೆಗೆದು ಎದ್ದು ನಿಂತೆ. ಭಾವ ಹೊರಗೆ ಬಂದು ನನ್ನ ರಟ್ಟೆ ಹಿಡಿದು, ಎರಡೂ ಗಿಟಾರಿನ ಸಮೇತ ಅಕ್ಕನ ಮುಂದೆ ತಂದು ನಿಲ್ಲಿಸಿದರು. "ನಿನಗೇನೂ ಆಗಿಲ್ಲ ಕಣೇ. ಗಿಟಾರು ಇರೋದೇ ಮೂರು. ಬೇಕಾದ್ರೆ ಎಲ್ಲಾನೂ ಗುಜರಿಗೆ ಹಾಕು, ಅಳಬೇಡ."

ಅಕ್ಕ ಕಣ್ಣೊರೆಸಿಕೊಂಡು ಗಿಟಾರುಗಳನ್ನು ನೋಡಿದಳು, ಆಮೇಲೆ ನನ್ನನ್ನು. "ನೀನೂ ಸೇರ್ಕೊಂಡಿದ್ದೀಯಾ, ಕತ್ತೆ?" ಅಂದು, ಮೆತ್ತಗೆ ಭಾವನ ಕಡೆ ತಿರುಗಿದಳು. "ಇದರಲ್ಲಿ ನಿಮಗೆ ಜೀವ ಅಂದ್ರೆ ಯಾವುದು?"

ಒಂದಾದರೂ ಉಳೀತು ಅಂದ್ಕೊಂಡು ಭಾವ, ಪಾಪ, ಬೀಟೆಯದನ್ನು ತೋರಿಸಿದರು. ಅಕ್ಕ ಅದಕ್ಕೂ ಕುಂಕುಮ ಇಟ್ಟು ಒಳಗೆ ಹೋದಳು.

ಮರುದಿನ ವಿಜಯದಶಮಿ, ಹೊಸ ವಿದ್ಯೆ ಶುರು ಮಾಡೋ ದಿನ. ಬೆಳಿಗ್ಗೆ ಭಾವ ಫೋನಿನಲ್ಲಿ "ಬೇಗ ಬಾರೋ" ಅಂದರು. ಹೋಗಿ ನೋಡ್ತೀನಿ, ಅಕ್ಕ ರೇಷ್ಮೆ ಸೀರೆ ಉಟ್ಟು, ಎರಡೂ ಕೈ ತುಂಬಾ ಗಾಜಿನ ಬಳೆ ತೊಟ್ಟು, ಬೀಟೆಯದನ್ನು ತೊಡೆ ಮೇಲಿಟ್ಕೊಂಡು ಕೂತಿದ್ದಾಳೆ. "ಇವತ್ತಿಂದ ಇದು ನಂದು. ನಿಮ್ಮ ಭಾವ ಹೇಳ್ಕೊಡ್ತಾರೆ" ಅಂದಳು. ತಂತಿ ಮೇಲೆ ಕೈ ಬೀಸಿದಾಗಲೆಲ್ಲ ಬಳೆಗಳು ಆ ಜೇನುಬಣ್ಣದ ಮೈ ಮೇಲೆ ಕರಕರ ಉಜ್ಜುತ್ತಿವೆ. ನನಗೆ ವಾಚು ಬಿಚ್ಚದೆ ಅದನ್ನು ಮುಟ್ಟೋಕೂ ಬಿಡದಿದ್ದ ಮನುಷ್ಯ! ಹಬ್ಬದ ದಿನ ಮುತ್ತೈದೆಗೆ ಬಳೆ ಬಿಚ್ಚು ಅಂತ ಯಾವ ಬಾಯಲ್ಲಿ ಹೇಳ್ತಾರೆ?

"ಗೋದಾ..." ಅಂದರು ಭಾವ.

"ಏನ್ರೀ?" ಅಂದಳು ಅಕ್ಕ, ಇನ್ನೊಂದು ಸಲ ಬೀಸಿ ಹೊಡೆದು.

"ಚೆನ್ನಾಗಿದೆ" ಅಂದರು.