ಹಿಡಿಕೆಗೆ ಕಟ್ಟಿದ ಕೀಲಿಕೈ

1996ರ ಬೇಸಿಗೆಯಲ್ಲಿ ನಾನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ವಿದ್ಯುತ್ ಉಪಕೇಂದ್ರದಲ್ಲಿ ಆಪರೇಟರ್ ಆಗಿದ್ದೆ. ಜೊತೆಯ ಆಪರೇಟರ್ ತಂಗಿಯ ಮದುವೆಗೆ ಹೋಗಿದ್ದರಿಂದ ಮೂರು ದಿನ ಅವನ ಪಾಳಿಯೂ ನನ್ನ ತಲೆಗೇ ಬಿದ್ದಿತ್ತು. ನಿದ್ದೆಗೆಟ್ಟರೆ ನನಗೇನೂ ಆಗುವುದಿಲ್ಲ ಎಂದು ಜಂಬ ಕೊಚ್ಚಿಕೊಂಡವನೂ ನಾನೇ.

ಲೈನ್‌ಮನ್ ಕಂಬ ಹತ್ತುವ ಮೊದಲು ಆ ಮಾರ್ಗದ ವಿದ್ಯುತ್ ನಿಲ್ಲಿಸಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಇದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಅವನು ಇಳಿದು ಬಂದು ಅದನ್ನು ವಾಪಸ್ ಮಾಡುವವರೆಗೆ ಸ್ವಿಚ್ ಮುಟ್ಟುವಂತಿಲ್ಲ. ನಮ್ಮ ಲೈನ್‌ಮನ್ ಕೊಟ್ರಪ್ಪ ಇಷ್ಟಕ್ಕೇ ಬಿಡುತ್ತಿರಲಿಲ್ಲ. ಸೈಕಲ್ಲಿಗೆ ಬೀಗ ಹಾಕಿ, ಅದರ ಕೀಲಿಕೈಯನ್ನು ಸ್ವಿಚ್ಚಿನ ಹಿಡಿಕೆಗೆ ದಾರದಿಂದ ಕಟ್ಟಿ, ಹೊಲದಲ್ಲಿ ನಡೆದು ಹೋಗುತ್ತಿದ್ದ.

"ನಾನ ಬಂದು ಬಿಚ್ಚಿಕೊಂತೀನ್ರಿ. ಅಲ್ಲೀತನಕ ಮುಟ್ಟಬ್ಯಾಡ್ರಿ."

"ನಿಂದು ಬಾಳ ಮಡಿ ಬಿಡಪಾ" ಎಂದು ನಾವು ರೇಗಿಸುತ್ತಿದ್ದೆವು.

ಮೂರನೆಯ ದಿನ ಮಧ್ಯಾಹ್ನ ಒಂದೂವರೆಗೆ ಅವನು ಲೈನ್ ಕ್ಲಿಯರ್ ತೆಗೆದುಕೊಂಡು ಹೋದ. ನನ್ನ ಕಣ್ಣುಗಳು ಉರಿಯುತ್ತಿದ್ದವು, ರಿಜಿಸ್ಟರಿನ ಗೆರೆಗಳು ಅಲುಗಾಡುತ್ತಿದ್ದವು. ಒಂದು ತಾಸು ಕಳೆದ ಮೇಲೆ ಕೊಟ್ರಪ್ಪ ಬಾಗಿಲಲ್ಲಿ ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಆತ್ರಿ, ಲೈನ್ ಬಿಡ್ರಿ" ಎಂದ. ನಾನು "2.40, ಲೈನ್ ಕ್ಲಿಯರ್ ವಾಪಸ್" ಎಂದು ಬರೆದೆ. ಎದ್ದು ಹೋಗಿ ಹಿಡಿಕೆಗೆ ಕೈ ಹಾಕಿದೆ. ಅಂಗೈಗೆ ಏನೋ ಒತ್ತಿತು. ಕೀಲಿಕೈ!

ತಿರುಗಿ ನೋಡಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಅಂಗಳಕ್ಕೆ ಓಡಿದೆ. ಬೇವಿನ ಮರದಡಿ ಸೈಕಲ್ ನಿಂತೇ ಇತ್ತು. ಎರಡು ಹೊಲದಾಚೆ, ಕಂಬದ ತುದಿಯಲ್ಲಿ ಕೊಟ್ರಪ್ಪ ಎರಡೂ ಕೈಯಲ್ಲಿ ತಂತಿ ಹಿಡಿದಿದ್ದ. ಬಾಗಿಲಲ್ಲಿ ನಾನು ಕಂಡದ್ದು ಕೂತಲ್ಲೇ ಬಿದ್ದ ಕನಸು. ಅವನು ಇಳಿಯುವವರೆಗೂ ಅಂಗಳದಲ್ಲೇ ನಿಂತು ನೋಡಿದೆ.

ಅವನು ಬಂದಾಗ ರಿಜಿಸ್ಟರ್ ತೋರಿಸಿದೆ. ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ. ಆ ಸಾಲನ್ನು ಅವನು ಎರಡು ಸಲ ಓದಿದ.

"ಆಗ ನಾ ಕಂಬದ ಮ್ಯಾಲಿದ್ನಿರಿ" ಎಂದಷ್ಟೇ ಹೇಳಿ ಕೀಲಿಕೈ ಬಿಚ್ಚಿಕೊಂಡ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ನಿದ್ದೆಗೆಟ್ಟವನಿಗೆ ತಾನು ನಿದ್ದೆಗೆ ಜಾರಿದ್ದೇ ತಿಳಿಯುವುದಿಲ್ಲ, ಅವನ ನಿದ್ದೆಯ ಲೆಕ್ಕವನ್ನು ಇನ್ನೊಬ್ಬರು ಕೇಳಬೇಕು. ಮುಂದೆ ಮೇಲ್ವಿಚಾರಕನಾದಾಗ ಪಾಳಿಗೆ ಬಂದವರನ್ನು ನಾನು ಮೊದಲು ಕೇಳುತ್ತಿದ್ದದ್ದು ಇದನ್ನೇ. ಕಲಿಸಿದವನು ಕೊಟ್ರಪ್ಪ. ಆ ಘಟನೆಯ ಮರುವಾರ ಲೈನ್ ಕ್ಲಿಯರ್‌ಗೆ ಬಂದವನು ಕೀಲಿಕೈ ಹಿಡಿದು ನನ್ನ ಮುಖವನ್ನೇ ನೋಡಿದ.

"ನಿನ್ನಿ ಎಷ್ಟು ತಾಸು ಮಕ್ಕಂಡಿದ್ರಿ ಸಾಹೇಬ್ರ?"

"ಎಂಟು ತಾಸು" ಎಂದೆ, ನಿಜವಾಗಿಯೂ ಮಲಗಿದ್ದೆ. ಅವನು ತಲೆಯಾಡಿಸಿದ. ಆಮೇಲೆ ದಾರಕ್ಕೆ ಇನ್ನೊಂದು ಗಂಟು ಹಾಕಿ ಹೋದ.