ಫಾರಂನಲ್ಲಿ ಗಂಡನ ಹೆಸರು, ಟ್ಯೂಬಿನಲ್ಲಿ ಹೆಂಡತಿಯ ರಕ್ತ

ಬೆಳಗಿನ ಆರೂವರೆ. ಹರಿಹರದಿಂದ ಮೊದಲ ಬಸ್ಸಿಗೆ ಬಂದ ಅಂಬಿಕಾ ದಾವಣಗೆರೆಯ ಖಾಸಗಿ ಲ್ಯಾಬಿನ ಬೀಗ ತೆಗೆದು, ನೇರ ಇನ್‌ಕ್ಯುಬೇಟರ್ ಬಳಿ ಹೋಗುತ್ತಾರೆ. ಅದರ ಬಿಸುಪಿನಲ್ಲಿ ಮೂರು ದಿನದಿಂದ ರಕ್ತದ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಿವೆ. ಈಗ ಔಷಧಿ ಹಾಕಿ ಅವನ್ನು ವಿಭಜನೆಯ ನಡುವೆಯೇ ತಡೆಯಬೇಕು. ಕೋಶದೊಳಗಿನ ನಲವತ್ತಾರು ವರ್ಣತಂತುಗಳು ಎಣಿಕೆಗೆ ಸಿಗುವುದು ಆಗ ಮಾತ್ರ.

“ಕೋಶಕ್ಕೆ ಭಾನುವಾರ ಗೊತ್ತಿಲ್ರಿ. ಎರಡಾಗೋ ಮುಂಚೆ ನಲವತ್ತಾರಕ್ಕೂ ನಕಲು ಮಾಡ್ಕೊಂತೈತೆ, ಆಮೇಲೆ ಎರಡೂ ಕಡೆ ಸಮಪಾಲು. ಅಣ್ಣತಮ್ಮರ ಜಗಳ ಇಲ್ಲ, ಪಂಚಾಯ್ತಿ ಇಲ್ಲ,” ಎನ್ನುತ್ತಾರೆ, ಪಕ್ಕದಲ್ಲಿ ನಿಂತ ನನಗೆ.

ಲ್ಯಾಬ್ ಟೆಕ್ನಿಷಿಯನ್ ಆಗಿ ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ. ಒಬ್ಬೊಬ್ಬರ ರಕ್ತದಲ್ಲೂ ಇಪ್ಪತ್ತು ಕೋಶಗಳ ವರ್ಣತಂತು ಎಣಿಸಬೇಕು. ವರದಿಯಲ್ಲಿ ಇವರ ಹೆಸರಿರುವುದಿಲ್ಲ, ಅದಕ್ಕೆ ಸಿಟ್ಟಿಲ್ಲ. ಪದೇ ಪದೇ ಗರ್ಭಪಾತವಾದರೆ ಗಂಡ ಹೆಂಡತಿ ಇಬ್ಬರ ರಕ್ತವೂ ಬರಬೇಕು. ಬರುವುದು ಒಂದೇ ಟ್ಯೂಬ್. ಸಿಟ್ಟು ಅದಕ್ಕೆ.

“ಫಾರಂನಾಗೆ ಗಂಡನ ಹೆಸರು, ರಕ್ತ ಮಾತ್ರ ಹೆಂಡ್ತೀದು. ಅವನೇನು ಮದುವಿಗೆ ಬರೀ ಊಟಕ್ಕೆ ಬಂದಿದ್ನಾ?”

ಕೊಕ್ಕನೂರಿನ ಹೆಣ್ಣುಮಗಳೊಬ್ಬಳು, ಹೆಸರು ಬೇಡ, ಮಂಡಿಪೇಟೆಯ ವ್ಯಾಪಾರಸ್ಥರ ಮನೆಯ ಸೊಸೆ. ಮೂರು ಸಲ ಗರ್ಭಪಾತವಾಯಿತು. ಇವಳ ರಕ್ತವೇ ಕೆಟ್ಟದ್ದು ಎಂದು ಅತ್ತೆ ಬೀದಿಗೆಲ್ಲ ಸಾರಿ ತವರಿಗೆ ಅಟ್ಟಿದರು. ವರದಿಯಲ್ಲಿ ನೋಡಿದರೆ ಆಕೆಯ ನಲವತ್ತಾರೂ ಸರಿ ಇವೆ! ಅಂಬಿಕಾ ಆಕೆಯ ಡಾಕ್ಟರಿಗೆ ಮೂರು ಸಲ ಫೋನ್ ಮಾಡಿ, ಗಂಡನನ್ನು ಕರೆಸಿ, ತಾವೇ ರಕ್ತ ತೆಗೆದರು. ಅವನ ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿದ್ದವು. ಆಳು ಗಟ್ಟಿಮುಟ್ಟು. ಆದರೆ ವೀರ್ಯಾಣು ಹುಟ್ಟುವ ವಿಭಜನೆಯಲ್ಲಿ ಪಾಲು ಹೆಚ್ಚುಕಡಿಮೆಯಾಗಿ ಗರ್ಭ ನಿಲ್ಲದೆ ಹೋಗಬಹುದು.

ಮಗನ ಜೊತೆ ವರದಿಗೆ ಬಂದ ಅತ್ತೆ ಅಂಬಿಕಾರ ಕೈ ಹಿಡಿದು ಪಿಸುಗುಟ್ಟಿದರಂತೆ: “ಹೊರಗೆ ಗೊತ್ತಾಗೋದು ಬ್ಯಾಡ ತಾಯಿ.”

“ನಾನ್ಯಾಕ ಹೇಳ್ಲಿ? ಅವನ ತಪ್ಪೂ ಅಲ್ಲ ಇದು. ಆದ್ರೆ ಸೊಸೇದು ಅಂದಾಗ ಡಂಗುರ ಸಾರಿದ್ರಿ, ಈಗ ಯಾಕ ಪಿಸುಮಾತು?” ಎಂದು ಅಂಬಿಕಾ ಕೇಳಿಯೇ ಬಿಟ್ಟರು. ಸೊಸೆಯನ್ನು ಕರೆಯಲು ಇನ್ನೂ ಯಾರೂ ಕೊಕ್ಕನೂರಿಗೆ ಹೋಗಿಲ್ಲ. ಕೇಳುತ್ತ ನನಗೂ ಮೈ ಉರಿಯುತ್ತದೆ.

ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. “ದೊಡ್ಡದೇನಿಲ್ರಿ. ಜೋಡಿ ಟ್ಯೂಬ್ ಬರ್ಲಿ, ಸಾಕು.”

ಅಷ್ಟರಲ್ಲಿ ಇವತ್ತಿನ ಟ್ರೇ ಬರುತ್ತದೆ. ಅಂಬಿಕಾ ಕನ್ನಡಕ ಏರಿಸಿ ಒಂದೊಂದೇ ಚೀಟಿ ಓದುತ್ತಾರೆ. ಐದು ಟ್ಯೂಬ್. ಐದೂ ಹೆಣ್ಣುಮಕ್ಕಳವು.

ಅವರು ಫೋನ್ ಎತ್ತಿಕೊಳ್ಳುತ್ತಾರೆ.