ಮೂರು ಗೇಣಿಗೊಂದು ಸ್ಕ್ರೂ

ಬಾಶೆಟ್ಟಿಹಳ್ಳಿಯಲ್ಲಿ ತಗಡಿನ ಬೀಮು ಮಾಡುವ ನಮ್ಮ ಶೆಡ್ಡಿನಲ್ಲಿ ಬೀಮು ಗಟ್ಟಿಯೋ ಇಲ್ಲವೋ ಎಂದು ನೋಡುವ ಪದ್ಧತಿ ಒಂದೇ. ಬೀಮನ್ನು ಎರಡು ಸ್ಟ್ಯಾಂಡಿನ ಮೇಲಿಟ್ಟು, ಎಲ್ಲರಿಗಿಂತ ದಪ್ಪಗಿರುವ ವೆಲ್ಡರ್‌ನನ್ನು ಅದರ ನಡುವೆ ನಿಲ್ಲಿಸುವುದು. ಬಗ್ಗದಿದ್ದರೆ ಪಾಸು. ಡಿಪ್ಲೊಮಾ ಮುಗಿಸಿ ತಪಾಸಣೆಯ ಕೆಲಸಕ್ಕೆ ಸೇರಿದ್ದ ನನಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು.

ಆ ಸಲ ಹನ್ನೆರಡು ಬೀಮು ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡೊಂದಕ್ಕೆ ಹೋಗಬೇಕಿತ್ತು. ಅವುಗಳ ಮೇಲೆ ಅಟ್ಟ, ಅಟ್ಟದ ತುಂಬ ನೂಲಿನ ಮೂಟೆ, ಕೆಳಗೆ ಕೆಲಸ ಮಾಡುವ ಹೆಂಗಸರು. ನಮ್ಮಮ್ಮ ವರ್ಷಗಟ್ಟಲೆ ಅಂಥದೇ ಅಟ್ಟದಡಿ ಕೂತು ನೂಲು ಸುತ್ತಿದವಳು. ತೆಳು ತಗಡನ್ನು ಕಾಯಿಸದೆ ಮಡಚಿದ ಎರಡು ತುಂಡುಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಸ್ಕ್ರೂ ಹೊಡೆದರೆ ಒಂದು ಬೀಮು. ನಕ್ಷೆಯಲ್ಲಿ ಗೇಣಿಗೊಂದು ಸ್ಕ್ರೂ ಇತ್ತು. ಮೇಸ್ತ್ರಿ ಮೂರು ಗೇಣಿಗೊಂದು ಹೊಡೆಸಿದ್ದ.

"ಅಂಟ್ಕೊಂಡೈತಲ್ಲ ಮೇಡಂ, ಇನ್ನೇನ್ ಬೇಕು?" ಎಂದ.

ವೆಲ್ಡರ್ ಹತ್ತಿ ನಿಂತ. ಬೀಮು ಅಲುಗಲಿಲ್ಲ. ಎಲ್ಲರೂ ನನ್ನ ಮುಖ ನೋಡಿ ನಕ್ಕರು.

"ಇಳೀರಿ. ಅಟ್ಟದ ಮೇಲೆ ನೀವೊಬ್ರೇ ನಿಂತ್ಕೊಳಲ್ಲ," ಎಂದೆ.

ಬೀಮಿನ ಉದ್ದಕ್ಕೂ ಮರಳಿನ ಮೂಟೆ ಹೇರಿಸಿದೆ. ನಕ್ಷೆಯ ಭಾರದ ಅರ್ಧವೂ ಆಗಿರಲಿಲ್ಲ, ತುಂಡುಗಳ ನಡುವೆ ಬೆಳಕು ಕಂಡಿತು. ಇನ್ನೊಂದು ಮೂಟೆ ಇಟ್ಟದ್ದೇ ತಡ, ಒಂದು ತುಂಡು ಎಡಕ್ಕೆ, ಇನ್ನೊಂದು ಬಲಕ್ಕೆ ತಿರುಚಿಕೊಂಡವು. ಕೂಡಿ ಹೊರಬೇಕಾದವು ತಂತಮ್ಮ ಪಾಡು ನೋಡಿಕೊಂಡಿದ್ದವು. ಮೂಟೆಗಳೆಲ್ಲ ನೆಲದಲ್ಲಿದ್ದವು.

ಸದ್ದಿಗೆ ಮಾಲೀಕರು ಬಂದರು. "ಒಂದು ಹೋಯ್ತು, ಬಿಡು. ಮಿಕ್ಕ ಹನ್ನೊಂದಕ್ಕೆ ಸೈನ್ ಹಾಕಮ್ಮ, ನಾಳೆ ಗಾಡಿ ಬರ್ತೈತೆ."

"ಹಾಕಲ್ಲ ಸಾರ್."

"ನೀನಲ್ದಿದ್ರೆ ಇನ್ನೊಬ್ರು ಹಾಕ್ತಾರೆ. ನೀನು ಬೇರೆ ಕಡೆ ಕೆಲಸ ನೋಡ್ಕೋ."

ಒರೆಸಿದರೂ ಹೋಗದ ಮಾರ್ಕರ್ ತೆಗೆದುಕೊಂಡು ಹನ್ನೊಂದು ಬೀಮಿನ ಮೇಲೂ 'ಸ್ಕ್ರೂ ಸಾಲದು' ಎಂದು ಬರೆದೆ. ಭಯವಾಗಿತ್ತು. ಅದಕ್ಕೇ ಅಕ್ಷರಗಳನ್ನು ಇನ್ನಷ್ಟು ದಪ್ಪ ಮಾಡಿದೆ. ಯಾರು ಸಹಿ ಹಾಕಿದರೂ ಆ ಬರಹ ಹೊತ್ತ ಬೀಮನ್ನು ಗಿರಾಕಿ ಇಳಿಸಿಕೊಳ್ಳುತ್ತಾನೆಯೇ?

ಮರುದಿನ ಬುತ್ತಿ ಕಟ್ಟಿಕೊಂಡೇ ಹೋದೆ, ಹೊರಗೆ ಕಳಿಸುವುದಾದರೆ ಎದುರಿಗೇ ಹೇಳಲಿ ಎಂದು. ಗಾಡಿ ಖಾಲಿ ನಿಂತಿತ್ತು. ಆಫೀಸಿನಲ್ಲಿ ಕೂತ ಮಾಲೀಕರು ತಲೆಯೆತ್ತದೆ ವೆಲ್ಡರ್ ಕಡೆ ಕೈ ತೋರಿಸಿದರು. ವೆಲ್ಡರ್ ಕೈಯಲ್ಲಿ ಡ್ರಿಲ್ ಹಿಡಿದು, ನನ್ನ ಅಕ್ಷರಗಳ ಮೇಲೆಯೇ ಬಿಟ್ಟುಹೋದ ಸ್ಕ್ರೂ ಹೊಡೆಯುತ್ತಿದ್ದ.

"ಇನ್ಮೇಲೆ ನಾನ್ ಹತ್ತಲ್ಲ ಮೇಡಂ, ಮೂಟೆನೇ ಹತ್ಸಿ," ಎಂದ.

ಮೇಸ್ತ್ರಿ ಮಾತ್ರ ಬರಹದ ಮೇಲೆ ಬಣ್ಣ ಬಳಿಯಲು ಬಿಡಿ ಎಂದು ಗೋಗರೆದ. ನಾನು ಬಿಡಲಿಲ್ಲ; ಗಿರಾಕಿಗೆ ಹೊಸ ಸ್ಕ್ರೂಗಳನ್ನು ತೋರಿಸಿಯೇ ಬೀಮು ಇಳಿಸಿದೆ. ಆ ಬರಹ ಇವತ್ತಿಗೂ ಆ ಹೆಂಗಸರ ತಲೆಯ ಮೇಲಿದೆ. ಓದಿ ಹೆದರಿದವರು ಏಣಿ ಹತ್ತಿ ಗೇಣಿಟ್ಟು ನೋಡಲಿ. ನಾನು ಪ್ರತಿಯೊಂದು ಸ್ಕ್ರೂವನ್ನೂ ಎಣಿಸಿಯೇ ಸಹಿ ಹಾಕಿದ್ದೇನೆ.